‘ಇರಿ’ ಎನ್ನುವ ಗುಂಡಿ

ತಪ್ಪು ಬಳಸಿದವರದು ಎಂಬ ಮಾತನ್ನು ಎಷ್ಟು ಮೆತ್ತಗೆ ಹೇಳಬಹುದು ಎಂದು ಪೂಂಗೊಡಿ ಬಸ್ಸಿನಲ್ಲಿ ಕೂತು ತುಟಿಯೊಳಗೇ ಹೇಳಿ ನೋಡಿಕೊಳ್ಳುತ್ತಿದ್ದಳು. ನೀವು ಬೇರೇನೋ ಒತ್ತಿರಬೇಕು ಅಕ್ಕ. ಇದು ಬೈದ ಹಾಗಿತ್ತು. ಕೈ ತಪ್ಪಿರಬಹುದು ಅಕ್ಕ, ಎಲ್ಲರಿಗೂ ಆಗುತ್ತೆ. ಇದು ಮೆತ್ತಗಿತ್ತು, ಆದರೆ ಮೆತ್ತಗಿದ್ದಷ್ಟೂ ಸುಳ್ಳಿನಂತೆ ಕೇಳುತ್ತಿತ್ತು. ಸುಳ್ಳೋ ನಿಜವೋ ಅವಳಿಗೇ ಗೊತ್ತಿರಲಿಲ್ಲ. ಬೆಳಿಗ್ಗೆ ಕೊಯಮತ್ತೂರು ಪೀಳಮೇಡಿನ ಆಫೀಸಿನ ಮೆಟ್ಟಿಲು ಹತ್ತುವಾಗಲೇ ಮಾಲೀಕ ನಾಚಿಮುತ್ತು ಎದುರಾಗಿ, “ಸಿರುಮುಗೈಗೆ ಹೋಗ್ಬಿಟ್ಟು ಬಾ ಕಣ್ಣು, ಮರುದಾಚಲಂ ಅವರ ಸೀರೆ ಚಿತ್ರ ಹೋಯ್ತಂತೆ, ಒಂದೇ ಸಮ ಕೂಗಾಡ್ತಾವ್ರೆ,” ಎಂದಿದ್ದರು. “ಏನಾಗಿದೆ ಅಣ್ಣಾ?” ಎಂದರೆ, “ಏನಾಗಿರುತ್ತೆ? ಚಿತ್ರ ಬರೆಯೋ ಹೆಂಗಸು ಏನೋ ಒತ್ತಿರ್ತಾಳೆ. ಅದನ್ನೇ ಹೇಳು. ಆದ್ರೆ ಮರ್ಯಾದೆಯಾಗಿ ಹೇಳು. ಅವರೊಬ್ಬರು ಕೈಬಿಟ್ರೆ ಸಿರುಮುಗೈ ನೇಕಾರರು ಪೂರಾ ಕೈಬಿಡ್ತಾರೆ.” ಮರ್ಯಾದೆಯಾಗಿ ಹೇಳುವುದನ್ನು ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಇಲ್ಲಿ ಜಗಳದಲ್ಲೂ ‘ಕತ್ತೆಯವರೇ’ ಎನ್ನುತ್ತಾರೆ. ಪಕ್ಕದ ಸೀಟಿನ ಮುದುಕ ಅವಳ ಅಲುಗುವ ತುಟಿಯನ್ನು ನೋಡಿ, ಜಪ ಮಾಡುತ್ತಿದ್ದಾಳೆಂದುಕೊಂಡು, ಸ್ವಲ್ಪ ಸರಿದು ಜಾಗ ಬಿಟ್ಟ.

ಆ ವರ್ಷ ಕೊಯಮತ್ತೂರಿನ ಸುತ್ತ ಕರೆಂಟು ಇದ್ದ ಹೊತ್ತಿಗಿಂತ ಇಲ್ಲದ ಹೊತ್ತೇ ಹೆಚ್ಚು. ಹೋಗುವ ಹೊತ್ತು ಪೇಪರಿನಲ್ಲಿ ಬರುತ್ತಿತ್ತು, ಆದರೆ ಕರೆಂಟು ಪೇಪರು ಓದುತ್ತಿರಲಿಲ್ಲ. ಪೂಂಗೊಡಿ ಬರೆದದ್ದು ಸೀರೆಯ ಅಂಚು, ಸೆರಗು ಬಿಡಿಸುವ ಪ್ರೋಗ್ರಾಂ. ಪರದೆಯ ಮೇಲೆ ಚೌಕಗಳು. ಒಂದೊಂದನ್ನೇ ತುಂಬಿಸುತ್ತಾ ಹೋದರೆ ಹೂವೋ ಹಕ್ಕಿಯೋ ಏಳುತ್ತದೆ, ಆಮೇಲೆ ಅದನ್ನು ನೋಡಿ ರಟ್ಟಿಗೆ ತೂತು ಹೊಡೆದು ಮಗ್ಗಕ್ಕೆ ಕಟ್ಟುತ್ತಾರೆ. ಪ್ರೋಗ್ರಾಂ ತೆರೆದುಕೊಳ್ಳುವುದನ್ನು ಅವಳು ಬಹಳ ಮುತುವರ್ಜಿಯಿಂದ ಬರೆದಿದ್ದಳು. ತೆರೆಯುವುದನ್ನು ಎಲ್ಲರೂ ನೋಡುತ್ತಾರೆ. ಮಾರುವಾಗ ನಾಚಿಮುತ್ತು ತೋರಿಸುವುದೂ ಅದನ್ನೇ. ಮುಚ್ಚಿಕೊಳ್ಳುವುದನ್ನು ಯಾರೂ ತೋರಿಸುವುದಿಲ್ಲ. ಅವಳು ಕಲಿತ ದಪ್ಪ ಪುಸ್ತಕದಲ್ಲೂ ಅದಕ್ಕೆ ಸಿಕ್ಕಿದ್ದು ಕೊನೆಯ ಪುಟದ ಅಡಿಯ ಭಾಗ. ಆದರೆ ಪ್ರೋಗ್ರಾಂ ಒಂದೇ ರೀತಿ ಮುಚ್ಚುವುದಿಲ್ಲ. ಎದುರು ಕೂತವರೇ ಮುಚ್ಚಬಹುದು. ಕಂಪ್ಯೂಟರ್ ಯಂತ್ರವೇ ಮಲಗಲು ಹೊರಡಬಹುದು. ಕರೆಂಟು ಹೋಗಿ, ಮೇಜಿನ ಕೆಳಗಿನ ಯುಪಿಎಸ್ ಪೆಟ್ಟಿಗೆ ಇನ್ನು ನನ್ನ ಕೈಲಾಗದು ಎಂದು ಯಂತ್ರಕ್ಕೆ ಹೇಳಿ, ಯಂತ್ರ ಒಳಗಿನ ಎಲ್ಲ ಪ್ರೋಗ್ರಾಂಗಳನ್ನೂ ಎಬ್ಬಿಸಿ ಹೊರಡಿಸಬಹುದು. ಪ್ರತಿ ಸಲವೂ ಪ್ರೋಗ್ರಾಮಿನ ಕಿವಿಗೆ ಮೊದಲೇ ಒಂದು ಮಾತು ಬೀಳುತ್ತದೆ. ಕೇಳಿಸಿಕೊಂಡು ಏನು ಮಾಡಬೇಕು ಎಂಬುದು ಬರೆದವರಿಗೆ ಬಿಟ್ಟಿದ್ದು. ಪೂಂಗೊಡಿ ಎಲ್ಲ ಮಾತಿಗೂ ಒಂದೇ ಉತ್ತರ ಬರೆದಿದ್ದಳು: ಒಂದು ಪುಟ್ಟ ಕಿಟಕಿ, ಅದರಲ್ಲಿ ಹೊರಡುವವರು ಕೇಳುವಂತೆ ಊರಿನ ಮಾತಿನಲ್ಲೇ ‘ಬರಲಾ?’ ಎಂಬ ಪ್ರಶ್ನೆ, ಕೆಳಗೆ ಎರಡು ಗುಂಡಿ, ‘ಸರಿ’ ಮತ್ತು ‘ಇರಿ’. ‘ಸರಿ’ ಒತ್ತಿದರೆ ಚಿತ್ರವನ್ನು ಉಳಿಸಿ ಮುಚ್ಚಿಕೊಳ್ಳುತ್ತದೆ. ‘ಇರಿ’ ಒತ್ತಿದರೆ ಮುಚ್ಚದೆ ತೆರೆದೇ ಇರುತ್ತದೆ. ಇದನ್ನು ನೋಡಿದವರೆಲ್ಲ ನಕ್ಕಿದ್ದರು. ನಮ್ಮ ಮನೆ ಹುಡುಗಿ ಹೊಸಲಿನಲ್ಲಿ ನಿಂತ ಹಾಗಿದೆ ಎಂದಿದ್ದರು ನಾಚಿಮುತ್ತು. ಆ ಹೊಗಳಿಕೆಯನ್ನು ಅವಳು ಎಷ್ಟೋ ದಿನ ಬಾಯಲ್ಲಿ ಕಲ್ಲುಸಕ್ಕರೆಯಂತೆ ಇಟ್ಟುಕೊಂಡಿದ್ದಳು.

ಬಸ್ಸು ಸತ್ಯಮಂಗಲದ್ದು. ಸಿರುಮುಗೈ ದಾಟಿ ಹೋದರೆ ಸತ್ಯಮಂಗಲ, ಅದನ್ನೂ ದಾಟಿದರೆ ಗೋಬಿ. ಗೋಬಿ ಎಂಬ ಅಕ್ಷರ ಬೋರ್ಡಿನಲ್ಲಿ ಇಲ್ಲದಿದ್ದರೂ ಅವಳಿಗೆ ಕಂಡಿತು. ಹಿಂದೆ ಅವಳು ಸೊಸೆಯಾಗಿದ್ದ ಆ ಊರಿನ ಮನೆಯಲ್ಲಿ ಗಂಡ ಹೊಡೆಯಲಿಲ್ಲ, ಬೈಯಲಿಲ್ಲ, ಮಾತೇ ಆಡಲಿಲ್ಲ. ಅವಳ ಲ್ಯಾಪ್‌ಟಾಪನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈ ಉಡಿದಾರಕ್ಕೆ ಕಟ್ಟಿಕೊಂಡ, ಅಷ್ಟೆ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, “ಅತ್ತೆ, ಊರಿಗೆ ಹೋಗಿ ಬರಲಾ?” ಎನ್ನುವಳು. “ಇರು, ಹಬ್ಬ ಬರ್ತದೆ.” ಹಬ್ಬ ಹೋದ ಮೇಲೆ ಮತ್ತೆ ಅದೇ ಬಾಗಿಲು. “ಇರು, ಕಳೆ ಕೀಳೋ ಆಳು ಬರ್ತಾರೆ.” ಅವಳು ಇರುವಳು. ಒಪ್ಪಿಗೆಯಿಲ್ಲದೆ ಹೊಸಲು ದಾಟುವುದು ಅವಳಿಗೆ ತಿಳಿದಿರಲಿಲ್ಲ, ಈಜು ತಿಳಿಯದವರಂತೆ. ಒಂದು ಬೆಳಿಗ್ಗೆ ಮಾತ್ರ ಅತ್ತೆಯೇ ಅವಳ ಚೀಲವನ್ನು ಅಂಗಳಕ್ಕೆ ತಂದಿಟ್ಟು, ಮುಂದೆ ಮುಂದೆ ನಡೆದು, ರಸ್ತೆಗೆ ಕೈ ಅಡ್ಡ ಹಾಕಿ ಬಸ್ಸು ನಿಲ್ಲಿಸಿ, “ಹತ್ತು,” ಎಂದಳು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ, ಕುಂಕುಮ ಇಡಲಿಲ್ಲ. ಬಸ್ಸು ಹೊರಟಾಗ ನೋಡಿದರೆ ಬೆನ್ನು ತಿರುಗಿಸಿ ಆಗಲೇ ಅರ್ಧ ದಾರಿ ನಡೆದಿದ್ದಳು. ನನ್ನನ್ನು ಹೊರಗೆ ಹಾಕಿದರು ಎಂದು ಪೂಂಗೊಡಿ ಅಮ್ಮನಿಗೆ ಹೇಳಿದಳು, ಅಕ್ಕಂದಿರಿಗೆ ಹೇಳಿದಳು, ವಕೀಲರಿಗೂ ಹೇಳಿದಳು. ಹೇಳಿ ಹೇಳಿ ಆ ಮಾತು ನುಣುಪಾಗಿತ್ತು. ಕಂಡಕ್ಟರ್, “ಸಿರುಮುಗೈ ಯಾರಮ್ಮಾ, ಇಳೀರಿ, ಏನು ಗೋಬಿಗೇ ಹೊರಟ್ರಾ?” ಎಂದು ಕೂಗಿದಾಗ ಅವಳು ಬೆಚ್ಚಿ ಎದ್ದಳು.

ಮರುದಾಚಲಂ ಅವರ ಮನೆಯ ಮುಂದಿನ ಹಜಾರದಲ್ಲಿ ಕಂಪ್ಯೂಟರ್ ಇತ್ತು, ಅದರ ಮೇಲೆ ಮಲ್ಲಿಗೆ ದಂಡೆ. ಹಿಂದೆ ಮಗ್ಗದ ಮನೆ. ಮೇಜಿನ ಪಕ್ಕ ನೆಲದಲ್ಲಿ ಐವತ್ತು ದಾಟಿದ ಹೆಂಗಸೊಬ್ಬಳು ರಾಟೆಯ ಮುಂದೆ ಕೂತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು; ತಲೆಯೆತ್ತಿ ನೋಡಿ ಮತ್ತೆ ಬಗ್ಗಿಸಿದಳು. ಕುರ್ಚಿ ಖಾಲಿ. ಮರುದಾಚಲಂ ಪೂಂಗೊಡಿಯ ಹಿಂದೆ ಯಾರಾದರೂ ಬರುತ್ತಾರೋ ಎಂದು ಬಾಗಿಲ ಕಡೆ ನೋಡಿದರು.

“ಸಾರ್ ಬರ್ಲಿಲ್ವಾ?”

“ಇಲ್ಲಣ್ಣಾ. ನಾನೇ ಬರೆದಿದ್ದು.”

“ಏನು ಬರೆದಿದ್ದು?”

“ಈ ಪ್ರೋಗ್ರಾಂ.”

“ಓಹೋ,” ಎಂದರು ಅವರು. ಅವಳನ್ನು ಮೇಲಿಂದ ಕೆಳಗೆ ನೋಡಿದರು. “ಹಂಗಾದ್ರೆ ಈ ಪ್ರಿಂಟರು ಕಾಗದ ಕಚ್ಕೊಂಡು ಬಿಡೋದೇ ಇಲ್ಲ, ಮೊದಲು ಅದನ್ನ ನೋಡಮ್ಮಾ.”

ಪ್ರಿಂಟರಿನ ಹೊಟ್ಟೆಯೊಳಗೆ ಕೈ ಹಾಕಿ ಹರಿದ ಕಾಗದವನ್ನು ಎಳೆಯುತ್ತಿದ್ದಾಗ, ಇದು ತನ್ನ ಕೆಲಸವಲ್ಲ ಎಂದು ಹೇಳಲು ಬೇಕಾದ ಒಂದು ವಾಕ್ಯ ಅವಳ ಬಾಯಿಯ ತನಕ ಬಂದು, ಯಾರದೋ ಒಪ್ಪಿಗೆಗೆ ಕಾಯುತ್ತಾ ಅಲ್ಲೇ ನಿಂತಿತು. ಕೈಬೆರಳು ಮಸಿಯಾಯಿತು. ಮರುದಾಚಲಂ ಆಗಲೇ ಎಲ್ಲವನ್ನೂ ಹೇಳುತ್ತಿದ್ದರು: ಮದುವೆ ಸೀರೆ, ಅಂಚಿನ ತುಂಬ ಅನ್ನಪಕ್ಷಿಯ, ಅಂದರೆ ಹಂಸದ, ಸಾಲು, ಇಡೀ ದಿನ ಕೂತು ಬರೆದದ್ದು, ಸಂಜೆ ಕರೆಂಟು ಹೋಯಿತು, ಹಕ್ಕಿಗಳೂ ಹೋದವು. ಅದನ್ನು ನೇಯಬೇಕಾದ ರಾಜಾಮಣಿಯ ಮಗ್ಗ ಖಾಲಿ ಬಿದ್ದಿದೆ. “ಒಳಗೆ ಹುಡುಗ್ರು ಏನಂತಾವ್ರೆ ಗೊತ್ತಾ? ಆರುಕ್ಕಾಣಿ ಗುಂಡಿ ಒತ್ತಿ ಹಕ್ಕಿ ಹಾರಿಸ್ಬಿಟ್ಲು ಅಂತ. ನಗಾಡ್ತಾವ್ರೆ. ನಾನೂ ಅವತ್ತು ಎಲ್ಲರ ಮುಂದೆ ಸರಿಯಾಗೇ ಅಂದೆ. ಸೋಮವಾರದಿಂದ ನಮ್ಮಕ್ಕನ ಮಗ ಬರ್ತಾನೆ, ತಿರುಪ್ಪೂರಲ್ಲಿ ಡಿಪ್ಲೊಮಾ ಮಾಡಿದಾನೆ. ಅವನು ಕೂತ್ಕೊಳ್ಳಲಿ. ಇವಳು ಕಂಡಿಕೆ ಸುತ್ಕೊಂಡಿರಲಿ, ಮೊದಲಿನ ಹಂಗೆ.” ರಾಟೆ ಒಮ್ಮೆ ತಡೆದು ಮತ್ತೆ ತಿರುಗಿತು. ಸರಿ, ಈ ಹೆಂಗಸೇ ಆರುಕ್ಕಾಣಿ. ಕೈ ತಪ್ಪಿರಬಹುದು ಅಕ್ಕ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಿ ನೋಡಿಕೊಂಡದ್ದು ಇವಳಿಗೇ.

“ಅಕ್ಕಾ, ಅವತ್ತು ಮಾಡಿದ್ದನ್ನ ಒಂದು ಸಲ ಮಾಡಿ ತೋರಿಸ್ತೀರಾ?”

“ಆ ಕುರ್ಚೀಲಿ ಕೂರಬೇಡ ಅಂದವ್ರೆ ಅಮ್ಮಿಣಿ.”

“ಕೂತ್ಕೋ, ಕೂತ್ಕೋ, ತೋರಿಸು,” ಎಂದರು ಮರುದಾಚಲಂ.

ಆರುಕ್ಕಾಣಿ ಸೆರಗಿಗೆ ಕೈ ಒರೆಸಿಕೊಂಡು ಕುರ್ಚಿಯ ತುದಿಯಲ್ಲಿ ಕೂತಳು, ಬೇರೆಯವರ ಮನೆಯ ಕುರ್ಚಿಯಂತೆ. ಆದರೆ ಬೆರಳು ಮೌಸ್ ಹಿಡಿದ ಕೂಡಲೇ ಬೆನ್ನು ತಾನಾಗಿ ಹಿಂದಕ್ಕೆ ಒರಗಿತು. ಖಾಲಿ ಚೌಕಗಳಲ್ಲಿ ಒಂದು ಕೊಕ್ಕು ಎದ್ದಿತು, ಕತ್ತು ಎದ್ದಿತು. ಪೂಂಗೊಡಿ ಬಗ್ಗಿ ಗೋಡೆಯ ಪ್ಲಗ್ಗು ಕಿತ್ತಳು. ಯುಪಿಎಸ್ ಕುಯ್ಯೋ ಎಂದು ಅರಚಿತು. ಅದನ್ನು ಕಳೆದ ತಿಂಗಳಷ್ಟೇ ತಂದದ್ದು, ಯಂತ್ರಕ್ಕೆ ಮಾತಾಡುವ ತಂತಿಯಿರುವ ಹೊಸ ಜಾತಿಯದು, ಎಂದು ಮರುದಾಚಲಂ ಹೆಮ್ಮೆಯಿಂದ ಹೇಳಿದರು. ಸ್ವಲ್ಪ ಹೊತ್ತಿಗೆ ಯಂತ್ರ ಮುಚ್ಚಿಕೊಳ್ಳಲು ಹೊರಟಿತು. ಅನ್ನಪಕ್ಷಿಯ ಕತ್ತಿನ ಮೇಲೆ ಪುಟ್ಟ ಕಿಟಕಿ ಎದ್ದು ‘ಬರಲಾ?’ ಎಂದಿತು. ಆರುಕ್ಕಾಣಿ ತಡವರಿಸಲಿಲ್ಲ, ಹುಡುಕಲಿಲ್ಲ. ನೇರವಾಗಿ ಹೋಗಿ ‘ಇರಿ’ ಒತ್ತಿದಳು. ಒತ್ತಿ ಮುಂದಿನ ಚೌಕ ತುಂಬಿಸತೊಡಗಿದಳು.

“ಯಾಕಕ್ಕಾ ಅದನ್ನ ಒತ್ತಿದ್ರಿ?”

“ಯಾವುದನ್ನ?”

“‘ಇರಿ’ ಅಂತ.”

ಆರುಕ್ಕಾಣಿ ಅವಳನ್ನು ಮಗುವನ್ನು ನೋಡುವಂತೆ ನೋಡಿದಳು. “ಯಾವೂರಮ್ಮಿಣಿ ನಿಂದು? ಬರಲಾ ಅಂತ ಯಾರಾದ್ರೂ ಕೇಳಿದ್ರೆ ಮೊದಲ ಸಲಕ್ಕೇ ಸರಿ ಹೋಗು ಅಂತಾರಾ? ನಾಯಿ ಓಡಿಸ್ದಂಗೆ? ಇರಿ ಅನ್ಬೇಕು. ಅವರು ಇನ್ನೊಂದು ಸಲ ಕೇಳ್ತಾರೆ. ಆಗ ಸರಿ ಅನ್ನೋದು. ನಾನು ದಿನಾ ಹಂಗೇ ಮಾಡೋದು. ಒಂದು ಸಲ ಇರಿ ಅಂತೀನಿ, ಇನ್ನೊಂದು ಸಲ ಮುಚ್ಚಕ್ಕೆ ಹೋದಾಗ ಸರಿ ಅಂತೀನಿ. ಅದೂ ಹೋಗುತ್ತೆ. ಅವತ್ತು ಮಾತ್ರ ಎರಡನೇ ಸಲ ಕೇಳ್ಲೇ ಇಲ್ಲ.”

ಕೇಳುವುದು ಹೇಗೆ? ಪೂಂಗೊಡಿಗೆ ಎಲ್ಲವೂ ಒಟ್ಟಿಗೇ ಕಂಡಿತು. ದಿನವೂ ಮುಚ್ಚುತ್ತಿದ್ದವಳು ಆರುಕ್ಕಾಣಿಯೇ, ಎರಡು ಸಲ ಕೇಳಿಸಿಕೊಳ್ಳುವ ವ್ಯವಧಾನ ಅಲ್ಲಿತ್ತು. ಅವತ್ತು ಮುಚ್ಚಹೊರಟದ್ದು ಯಂತ್ರ. ಇವಳು ಇರಿ ಎಂದಳು, ಪ್ರೋಗ್ರಾಂ ಅದನ್ನೇ ಯಂತ್ರಕ್ಕೆ ಹೇಳಿತು, ಯಂತ್ರ ಅದನ್ನು ನಂಬಿ ಮುಚ್ಚುವುದನ್ನು ಕೈಬಿಟ್ಟಿತು. ಯುಪಿಎಸ್ ಮುಂದೆ ಮಾತ್ರ ಯಾರ ಮಾತೂ ನಡೆಯದು, ಬ್ಯಾಟರಿ ತೀರಿದರೆ ತೀರಿತು. ಅಷ್ಟು ಹೊತ್ತಿಗೆ ಪರದೆ ಕಪ್ಪಾಯಿತು, ಅರಚುವುದೂ ನಿಂತಿತು, ಕೊಕ್ಕು ಕತ್ತು ಎರಡೂ ಹೋದವು. ಹಿಂದಿನ ಮಗ್ಗಗಳ ಸದ್ದು ಒಮ್ಮೆಲೇ ಹತ್ತಿರ ಬಂದಂತಾಯಿತು.

“ನೋಡಿದ್ರಾ!” ಎಂದು ಮರುದಾಚಲಂ ತೊಡೆ ತಟ್ಟಿದರು. “ನಿಮ್ಮ ಕಣ್ಣೆದುರಿಗೇ ಒತ್ತಿದ್ಲು. ಹೋಗೋದನ್ನ ಹಿಡ್ಕೊಂಡು ಇರು ಅಂದ್ಲು. ನಾನು ಹೇಳಿದ್ದೂ ಅದೇ, ನಿಮ್ಮ ಸಾರ್ ಹೇಳಿದ್ದೂ ಅದೇ. ಪ್ರೋಗ್ರಾಂ ಸರಿಯಾಗೇ ಇದೆ.”

ಆರುಕ್ಕಾಣಿ ಕುರ್ಚಿಯಿಂದ ಎದ್ದಳು. ರಾಟೆಯ ಮುಂದೆ ಹೋಗಿ ಕೂತು, ಕಡಿದ ನೂಲಿನ ತುದಿ ಹುಡುಕಿದಳು. ತುದಿ ಸಿಗಲಿಲ್ಲ. ಪೂಂಗೊಡಿಗೆ ಬೇಕಾಗಿದ್ದ ವಾಕ್ಯ ಈಗ ಸಿದ್ಧವಾಗಿ ಬಂದು ನಿಂತಿತ್ತು, ಸುಳ್ಳಿನ ಸೋಂಕಿಲ್ಲದೆ. ಒತ್ತಿದ್ದು ಇವಳೇ. ಹೂಂ ಅಣ್ಣಾ ಎಂದರೆ ಸಾಕು. ನಾಚಿಮುತ್ತು ಖುಷಿ, ಮರುದಾಚಲಂ ಖುಷಿ, ಸಂಜೆಯ ಬಸ್ಸು ಹಿಡಿಯಬಹುದು. ಆದರೆ ಆ ನಿಜ ತೀರಾ ಸುಲಭವಾಗಿ ಸಿಕ್ಕಿತ್ತು. ಪ್ರಶ್ನೆಯನ್ನು ಹೊಸಲಿನಲ್ಲಿ ನಿಲ್ಲಿಸಿದವಳು ತಾನು. ಅದಕ್ಕೆ ಮನುಷ್ಯರು ಕೊಡುವ ಉತ್ತರವನ್ನೇ ಇವಳು ಕೊಟ್ಟಳು. ಬೇರೆ ಸೀಮೆಯವಳು ಬರೆದಿದ್ದರೆ ಈ ಪ್ರಶ್ನೆಯೇ ಇರುತ್ತಿರಲಿಲ್ಲ, ಬೇರೆ ಸೀಮೆಯವಳು ಕೂತಿದ್ದರೆ ಈ ಉತ್ತರ ಇರುತ್ತಿರಲಿಲ್ಲ. ಇಬ್ಬರೂ ಒಂದೇ ಸೀಮೆಯವರಾದ್ದರಿಂದ ಹಕ್ಕಿಗಳು ಹೋದವು. ಇದಕ್ಕೆ ನಗಬೇಕೆನಿಸಿತು. ನಕ್ಕೂಬಿಟ್ಟಳು. ಮರುದಾಚಲಂ ಹುಬ್ಬು ಗಂಟಿಕ್ಕಿದರು.

“ಏನಮ್ಮಾ ನಗೋದು?”

“ಅವರು ಒತ್ತಿದ್ದು ಸರಿ ಅಣ್ಣಾ. ನಾನು ಕೇಳಿದ್ದೇ ತಪ್ಪು.”

“ಏನು ಕೇಳಿದ್ರಿ?”

“ಕರೆಂಟು ಹೋಗಿ ಎಲ್ಲ ಮುಚ್ಚುವಾಗ ಬರಲಾ ಅಂತ ಕೇಳ್ಬಾರ್ದಿತ್ತು. ಆಗ ಕೇಳೋಕೆ ಹೊತ್ತಿರಲ್ಲ. ಸುಮ್ಮನೆ ಉಳಿಸಿ ಹೊರಡಬೇಕಿತ್ತು. ಅದನ್ನ ನಾನು ಬರೆದಿರಲಿಲ್ಲ. ತಪ್ಪು ನಮ್ಮದು.”

ಫೋನು ಅದೇ ಹೊತ್ತಿಗೆ ಹೊಡೆದುಕೊಂಡಿತು, ನಾಚಿಮುತ್ತು. “ಹೇಳಿದ್ಯಾ ಕಣ್ಣು?” “ಹೇಳಿದೆ ಅಣ್ಣಾ.” “ಏನಂದ್ರು?” “ತಪ್ಪು ನಮ್ಮದು ಅಂತ ಹೇಳಿದೆ.” ಆ ಕಡೆ ಆಫೀಸಿನ ಕೆಳಗಿನ ಪಂಪಿನ ಅಂಗಡಿಯಲ್ಲಿ ಯಾರೋ ಕಬ್ಬಿಣ ಬಡಿಯುವುದು ಕೇಳಿತು. “ನಮ್ಮದೇನಾ?” “ನಮ್ಮದೇ.” ಇನ್ನೊಂದಷ್ಟು ಬಡಿತ. “ಸರಿ ಮಾಡೋಕಾಗುತ್ತಾ?” “ಆಗುತ್ತೆ.” “ಹಂಗಾದ್ರೆ ಮಾಡ್ಬಿಟ್ಟೇ ಬಾ. ಮರುದಾಚಲಂ ಹತ್ರ ನಾನು ಆಮೇಲೆ ಮಾತಾಡ್ತೀನಿ. ಊಟ ಮಾಡಿದ್ಯಾ?” ಬೈಗುಳಕ್ಕೆ ಗಟ್ಟಿ ಮಾಡಿಕೊಂಡಿದ್ದ ಎದೆಗೆ ಈ ಕೊನೆಯ ಪ್ರಶ್ನೆ ತಾಗಿತು. “ಇಲ್ಲಣ್ಣಾ,” ಎಂದಳು. ಆರುಕ್ಕಾಣಿ ಕೇಳಿಸಿಕೊಂಡಿದ್ದಳು. ತನ್ನ ಬುತ್ತಿಯ ಬೇಳೆ ಅನ್ನವನ್ನು ಮುಚ್ಚಳಕ್ಕೆ ಹಾಕಿ ಅವಳ ಕಡೆ ತಳ್ಳಿದಳು. “ಆರಿದೆ. ಆದ್ರೂ ತಿನ್ನು. ತುಪ್ಪ ಹಾಕಿದೀನಿ.”

ತಿಂದು, ಅಲ್ಲೇ ನೆಲದಲ್ಲಿ ಗೋಡೆಗೊರಗಿ, ತೊಡೆಯ ಮೇಲೆ ತನ್ನ ಲ್ಯಾಪ್‌ಟಾಪ್ ಇಟ್ಟುಕೊಂಡು ಅವಳು ಬರೆಯತೊಡಗಿದಳು. ಬರೆಯಬೇಕಿದ್ದದ್ದು ಕೆಲವೇ ಸಾಲು. ಹೊರಡು ಎನ್ನುವ ಮಾತು ಯಾರಿಂದ ಬಂತು ನೋಡು. ಎದುರು ಕೂತವರಿಂದ ಬಂದರೆ ಕೇಳು. ಯಂತ್ರದಿಂದ ಬಂದರೆ ಕೇಳಬೇಡ, ಇದ್ದದ್ದನ್ನು ಇದ್ದಂತೆ ಬೇರೆ ಕಡೆ ಉಳಿಸು, ಸರಿ ಎನ್ನು, ಹೊರಡು. ಮತ್ತೆ ತೆರೆದಾಗ ಅದನ್ನು ಎತ್ತಿಕೊಂಡು ಬಾ. ಈ ಲ್ಯಾಪ್‌ಟಾಪ್ ಹಳೆಯದು, ಗೋಬಿಯ ಬೀರುವಿನದೇ. ಅಮ್ಮನ ಮನೆಗೆ ಬಂದು ಚೀಲ ಬಿಚ್ಚಿದಾಗ ಬಟ್ಟೆಗಳ ನಡುವೆ ಟವೆಲ್ಲಿನಲ್ಲಿ ಸುತ್ತಿಟ್ಟಿತ್ತು. ಹೇಗೋ ಚೀಲದಲ್ಲಿ ಬಂದಿದೆ ಎಂದುಕೊಂಡಿದ್ದಳು, ಅಷ್ಟೆ. ಈಗ ಬೆರಳು ತಡೆಯಿತು. ಬೀರುವಿನ ಬೀಗದ ಕೈ ಗಂಡನ ಉಡಿದಾರದಲ್ಲಿತ್ತು. ಅವನು ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ. ಹಾಗಿದ್ದರೆ ಅತ್ತೆ ಬೀಗ ಒಡೆದಿರಬೇಕು. ಅವನು ತೋಟಕ್ಕೆ ಹೋದ ಹೊತ್ತು ನೋಡಿ, ಗುದ್ದಲಿಯದೋ ಒನಕೆಯದೋ ತುದಿಯಿಂದ; ಒಡೆದು, ಯಾವ ಬಟ್ಟೆ ಮೊದಲು ಯಾವುದು ಆಮೇಲೆ ಎಂದು ಯೋಚಿಸಿ ಮಡಿಸಿ, ಗಾಜು ಒಡೆಯದಂತೆ ಟವೆಲ್ಲು ಸುತ್ತಿ, ಆಮೇಲೆ ಅಂಗಳಕ್ಕೆ ಬಂದು ಹತ್ತು ಎಂದಿದ್ದಳು. ಸಂಜೆ ಮಗ ಬಂದು ಮುರಿದ ಬೀಗ ನೋಡಿದಾಗ ಆ ಮನೆಯಲ್ಲಿ ಏನಾಯಿತು? ಇಷ್ಟು ವರ್ಷದಲ್ಲಿ ಆ ಸಂಜೆ ಒಂದು ಸಲವೂ ತನ್ನ ತಲೆಗೆ ಬಂದಿರಲಿಲ್ಲ. ಬೀದಿಯಲ್ಲಿ ನಿಲ್ಲಿಸಿ ಹೋಗ್ತೀಯಾ ಎಂದು ಕೇಳಿದ್ದರೆ ತಾನು ಖಂಡಿತ ಅತ್ತು, ಇಲ್ಲ ಅತ್ತೆ ಇರ್ತೀನಿ ಎಂದು ಚೀಲ ಒಳಗೆ ತರುತ್ತಿದ್ದಳು. ಅತ್ತೆಗೆ ಅದು ತಿಳಿದಿತ್ತೋ, ಅಥವಾ ನಿಜವಾಗಿಯೂ ಸೊಸೆಯ ಕಾಟ ಸಾಕಾಗಿತ್ತೋ, ಈಗ ಹೇಳಲು ಅತ್ತೆ ಬಾಯಿ ಬಿಡುವವಳಲ್ಲ. ಆದರೆ ಟವೆಲ್ಲನ್ನು ಸಿಟ್ಟಿನಿಂದ ಯಾರೂ ಅಷ್ಟು ನೀಟಾಗಿ ಸುತ್ತುವುದಿಲ್ಲ. ಪೂಂಗೊಡಿಗೆ ಮೈ ಹಗುರಾಯಿತು, ಜ್ವರ ಬಿಟ್ಟವರ ಹಾಗೆ. ಜೊತೆಗೆ ನಾಚಿಕೆಯೂ ಆಯಿತು, ಅದು ಹೋಗಲಿಲ್ಲ, ಹೋಗುವುದು ಬೇಡ ಎಂದೂ ಅನಿಸಿತು.

“ಅಳ್ತಿದೀಯಾ ಅಮ್ಮಿಣಿ?”

“ಇಲ್ಲಕ್ಕಾ. ಖಾರ.”

“ಬೇಳೆ ಅನ್ನದಲ್ಲಿ ಎಲ್ಲಿಂದ ಬಂತು ಖಾರ?” ಎಂದಳು ಆರುಕ್ಕಾಣಿ. ರಾಟೆಯಲ್ಲಿ ಕಂಡಿಕೆ ಬದಲಿಸಿ, “ಆ ಕೇಳೋದನ್ನ ಪೂರಾ ತೆಗೆದುಬಿಡ್ತೀಯಾ?”

“ಕರೆಂಟು ಹೋದಾಗ ಮಾತ್ರ.”

“ಬೇರೆ ಹೊತ್ತಲ್ಲಿ ಇರಲಿ. ಇಡೀ ದಿನ ಒಬ್ಬಳೇ ಕೂತಿರ್ತೀನಿ. ಸಂಜೆ ಹೊತ್ತು ಅದೊಂದು ಕೇಳುತ್ತೆ.”

ಪ್ಲಗ್ಗು ಚುಚ್ಚಿ ಮೇಜಿನ ಕಂಪ್ಯೂಟರಿಗೆ ಹೊಸದನ್ನು ಹಾಕಿದಳು. ಯುಪಿಎಸ್ ಸ್ವಲ್ಪ ತುಂಬುವವರೆಗೆ ಕಾದರು. ಮರುದಾಚಲಂ ಒಳಗೆ ಹೋಗುವವರು ಹೋಗದೆ ಬಾಗಿಲ ಚೌಕಟ್ಟು ಹಿಡಿದು ನಿಂತರು. ಪೂಂಗೊಡಿ ಬಹಳ ಹೇಳಿದ ಮೇಲೆ ಆರುಕ್ಕಾಣಿ ಎದ್ದು, ಕೂರದೆ, ನಿಂತುಕೊಂಡೇ ಒಂದು ಹಕ್ಕಿಯ ಅರ್ಧ ಬಿಡಿಸಿದಳು. ರೆಕ್ಕೆಯ ನಡುವೆ ಬಿಟ್ಟು ಮತ್ತೆ ರಾಟೆಗೆ ಹೋದಳು. ಪ್ಲಗ್ಗು ಕಿತ್ತದ್ದಾಯಿತು. ಅರಚಿತು. ಈ ಸಲ ಕಿಟಕಿ ಏಳಲಿಲ್ಲ. ಯಾರನ್ನೂ ಏನೂ ಕೇಳದೆ ಯಂತ್ರ ತಣ್ಣಗೆ ಮುಚ್ಚಿಕೊಂಡಿತು. ಅದು ತಾನು ಬರೆದದ್ದೇ ಆದರೂ, ಆ ಕೇಳದಿರುವಿಕೆ ನೋಡಿ ಪೂಂಗೊಡಿಗೆ ಒಂದು ಕ್ಷಣ ದಿಗಿಲಾಯಿತು. ಮತ್ತೆ ಪ್ಲಗ್ಗು ಚುಚ್ಚಿ, ಮತ್ತೆ ಎಬ್ಬಿಸಿ, ಪ್ರೋಗ್ರಾಂ ತೆರೆದಳು. ಖಾಲಿ ಚೌಕಗಳು. ಮರುದಾಚಲಂ ಗಂಟಲು ಸರಿ ಮಾಡಿಕೊಂಡರು. ಆಮೇಲೆ ಕೊಕ್ಕು ಬಂತು, ಕತ್ತು ಬಂತು, ನಡುವೆ ನಿಂತ ರೆಕ್ಕೆ ನಿಂತಲ್ಲೇ ಬಂತು.

“ಇದೆ,” ಎಂದರು ಮರುದಾಚಲಂ.

ಪೂಂಗೊಡಿ ಆರುಕ್ಕಾಣಿಯ ಕಡೆ ನೋಡಿದಳು. ಅವಳು ಪರದೆಯನ್ನು ನೋಡಿದಳು, ಮರುದಾಚಲಂ ಅವರನ್ನು ನೋಡಿದಳು, ಮತ್ತೆ ರಾಟೆ ತಿರುಗಿಸತೊಡಗಿದಳು.

“ಹೋದ ಹಕ್ಕಿಗಳು ಬರ್ತಾವಾ?” ಎಂದರು ಅವರು.

“ಇಲ್ಲಣ್ಣಾ. ಅವು ಹೋದವು. ಇನ್ಮೇಲೆ ಹೋಗಲ್ಲ.”

“ಹೂಂ.” ಅವರು ಪ್ರಿಂಟರಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದರು. “ಸರಿ ಬಿಡು. ಅಕ್ಕನ ಮಗನಿಗೆ ಬೇಡ ಅಂತೀನಿ. ಆರುಕ್ಕಾಣಿ, ಬಾ, ಕೂತ್ಕೋ. ಹಕ್ಕಿ ಬರಿ. ರಾಜಾಮಣಿ ಕಾಯ್ತಾನೆ.”

ಆರುಕ್ಕಾಣಿ ಏಳಲಿಲ್ಲ. ರಾಟೆ ತಿರುಗುತ್ತಲೇ ಇತ್ತು.

“ಕೇಳಿಸ್ಲಿಲ್ವಾ?”

“ಕೇಳಿಸ್ತು ಮೊದಲಾಳಿ. ನನ್ನ ತಪ್ಪಲ್ಲ ಅಂತ ನನಗೆ ಹೇಳಿ ಏನು ಬಂತು? ಅಂದಿದ್ದು ಒಳಗೆ, ಎಲ್ಲರ ಮುಂದೆ. ಅಲ್ಲೇ ಹೇಳಿ.”

ಮರುದಾಚಲಂ ಪೂಂಗೊಡಿಯ ಕಡೆ ತಿರುಗಿದರು, ಮೆತ್ತಗಿನದೊಂದು ಮಾತನ್ನು ಅವಳು ಕೊಡಬಹುದು ಎನ್ನುವಂತೆ. ಅವಳು ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ಹಾಕುತ್ತಿದ್ದಳು. ಅವರು ಪಂಚೆಯನ್ನು ಎತ್ತಿ ಕಟ್ಟಿದರು, ಬಿಚ್ಚಿ ಇಳಿಬಿಟ್ಟರು, ಮತ್ತೆ ಎತ್ತಿ ಕಟ್ಟಿಕೊಂಡು ಮಗ್ಗದ ಮನೆಯ ಬಾಗಿಲಿಗೆ ಹೋದರು. ಅವರು ಹೇಳಿದ್ದು ಮೊದಲು ಯಾರಿಗೂ ಕೇಳಿಸಲಿಲ್ಲ. ಕೂಗಿದರು. ಒಂದು ಮಗ್ಗ ನಿಂತಿತು. ಪಕ್ಕದ್ದು ನಿಂತಿತು. ಲಾಳಿಯ ಸದ್ದು ಸಾಲಾಗಿ ಆರುತ್ತಾ ಹೋಗಿ, ಕೊನೆಯ ಮೂಲೆಯಿಂದ ಯಾರೋ, “ಏನಂದ್ರಿ ಮೊದಲಾಳಿ? ಕೇಳಿಸ್ಲಿಲ್ಲ,” ಎಂದರು. ಈಗ ಇಡೀ ಮನೆ ನಿಶ್ಶಬ್ದವಾಗಿತ್ತು, ಕೂಗುವ ಅಗತ್ಯವಿರಲಿಲ್ಲ. ಆದರೂ ಅವರು ಕೂಗಿಯೇ ಹೇಳಿದರು.

“ತಪ್ಪು ಆರುಕ್ಕಾಣಿದಲ್ಲ!”

ಆರುಕ್ಕಾಣಿ ಕಂಡಿಕೆಯ ಕೊನೆಯ ಸುತ್ತು ಸುತ್ತಿ, ನೂಲು ಕಡಿದು, ಕೈ ಒರೆಸಿಕೊಂಡು ಎದ್ದಳು.